ಲಾಳಿಯ ಎಂಜಲು

ವಿದ್ಯಾನಗರದ ನಮ್ಮ ಮನೆಯ ಮಹಡಿಯಲ್ಲಿ ಜವಳಿ ತಂತ್ರಜ್ಞಾನ ಓದುವ ಇಬ್ಬರು ಹುಡುಗರು ಬಾಡಿಗೆಗಿದ್ದಾರೆ. ಓದು ಮುಗಿದರೆ ಯಾವುದಾದರೂ ಮಿಲ್ಲು ಸೇರುತ್ತಾರೆ. ಅವರ ಪುಸ್ತಕವನ್ನು ಒಮ್ಮೆ ತಿರುವಿ ಹಾಕಿದೆ. ಮಗ್ಗದ ಒಂದೊಂದು ಭಾಗಕ್ಕೂ ಚಿತ್ರ ಬರೆದು, ಬಾಣದ ಗುರುತು ಹಾಕಿ, ಹೆಸರು ಕೊಟ್ಟಿದ್ದಾರೆ. ಮಗ್ಗದ ಮುಂದೆ ನಿಲ್ಲುವ ಮನುಷ್ಯನಿಗೆ ಮಾತ್ರ ಬಾಣವೂ ಇಲ್ಲ, ಹೆಸರೂ ಇಲ್ಲ. ನನ್ನ ಸರ್ವಿಸಿನಲ್ಲಿ ಮಗ್ಗ ನನಗೆ ಕೊಟ್ಟ ತೊಂದರೆ ಅಷ್ಟಕ್ಕಷ್ಟೆ. ತೊಂದರೆಯೆಲ್ಲ ಬಂದದ್ದು ಬಾಣದ ಗುರುತಿಲ್ಲದ ಈ ಪ್ರಾಣಿಯಿಂದ. ಹಾಗಾಗಿ ಅವನ ಬಗ್ಗೆ ನಾಲ್ಕು ಮಾತು ಬರೆದಿಡುತ್ತೇನೆ. ನನಗೆ ಯಾವಾಗ ಬಡ್ತಿ ಬಂತು, ಯಾರು ಹಾರ ಹಾಕಿದರು ಎಂಬುದನ್ನು ಓದಲು ನನ್ನ ಹೆಂಡತಿಗೇ ಪುರುಸೊತ್ತಿಲ್ಲ, ನಿಮಗೇಕೆ?

ನಾನು ಇದೇ ದಾವಣಗೆರೆಯ ಒಂದು ಹತ್ತಿ ಗಿರಣಿಯ ನೇಯ್ಗೆ ಖಾತೆಯಲ್ಲಿ ಜಾಬರ್ ಆಗಿದ್ದೆ. ಜಾಬರ್ ಎಂದರೆ ಒಂದು ಸಾಲಿನ ಮಗ್ಗಗಳು ಕೆಡದಂತೆ ನೋಡಿಕೊಳ್ಳುವವನು, ಕೆಟ್ಟರೆ ರಿಪೇರಿ ಮಾಡುವವನು, ರಿಪೇರಿಯಾಗುವ ತನಕ ಮೇಲಿನವರಿಂದಲೂ ಕೆಳಗಿನವರಿಂದಲೂ ಬೈಸಿಕೊಳ್ಳುವವನು. ಊರಿನಲ್ಲಿ ಆಗ ಗಿರಣಿಯ ಕೂಗೇ ಗಡಿಯಾರ. ಕೂಗು ಕೇಳಿ ಹೆಂಗಸರು ಒಲೆ ಹಚ್ಚುತ್ತಿದ್ದರು, ಗಂಡಸರು ಸೈಕಲ್ ಹತ್ತುತ್ತಿದ್ದರು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಕಲಿತ ಮೊದಲ ಪಾಠ ಇದು: ಗಿರಣಿಯಲ್ಲಿ ತಪ್ಪು ಎಂಬುದು ಯಾವಾಗಲೂ ಪಕ್ಕದ ಖಾತೆಯಲ್ಲಿ ನಡೆಯುತ್ತದೆ. ಬಟ್ಟೆಯಲ್ಲಿ ದೋಷ ಕಂಡರೆ ನಾವು ನೇಯ್ಗೆಯವರು ನೂಲು ಸರಿಯಿಲ್ಲ ಎನ್ನುತ್ತಿದ್ದೆವು. ನೂಲುವವರು ಹತ್ತಿ ಸರಿಯಿಲ್ಲ ಎನ್ನುತ್ತಿದ್ದರು. ಹತ್ತಿ ಖಾತೆಯವರು ಈ ಸಲ ಮಳೆ ಸರಿಯಿಲ್ಲ ಎನ್ನುತ್ತಿದ್ದರು. ಮಳೆಯನ್ನು ಕರೆಸಿ ವಿಚಾರಣೆ ಮಾಡುವಂತಿಲ್ಲವಾದ್ದರಿಂದ ಕಡತ ಅಲ್ಲಿಗೆ ಮುಗಿಯುತ್ತಿತ್ತು. ಇದರಲ್ಲಿ ತಮಾಷೆಯೆಂದರೆ ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಅವರವರು ನಿಂತ ಜಾಗದಿಂದ ಅವರಿಗೆ ಹಾಗೆಯೇ ಕಾಣುತ್ತಿತ್ತು.

ಎರಡನೆಯ ಪಾಠ ಕಲಿಸಿದವರು ಮಿಲ್ಲಿನ ಡಾಕ್ಟರು. ಹೊಸದಾಗಿ ಬಂದಿದ್ದರು, ಮನಸ್ಸು ಒಳ್ಳೆಯದಿತ್ತು. ಅದೇ ತೊಂದರೆಯಾಯಿತು. ನೇಯ್ಗೆ ಖಾತೆಯ ಕಿಟಕಿಗಳನ್ನು ನಾವು ಸದಾ ಮುಚ್ಚಿಟ್ಟು, ಒಳಗೆ ನೀರಿನ ಹಬೆ ಬಿಡುತ್ತಿದ್ದೆವು. ಗಾಳಿ ಒಣಗಿದರೆ ನೂಲು ಪಟಪಟನೆ ಹರಿಯುತ್ತದೆ. ಡಾಕ್ಟರು ಒಂದು ದಿನ ಒಳಗೆ ಬಂದು, ಬೆವರಿ, ಕೆಮ್ಮಿ, ಕಣ್ಣಲ್ಲಿ ನೀರು ತುಂಬಿಕೊಂಡು, "ಇವರೂ ಮನುಷ್ಯರಲ್ಲವೇ? ಎಲ್ಲಾ ಕಿಟಕಿ ತೆಗೆಯಿರಿ" ಎಂದು ಆರ್ಡರ್ ಮಾಡಿಸಿದರು. ದಾವಣಗೆರೆಯ ಬೇಸಗೆಯ ಗಾಳಿ ಒಳಗೆ ನುಗ್ಗಿತು. ಮಧ್ಯಾಹ್ನದೊಳಗೆ ಅರ್ಧ ಮಗ್ಗಗಳು ನಿಂತವು. ನೇಕಾರರಿಗೆ ಕೂಲಿ ಬಟ್ಟೆಯ ಅಳತೆಯ ಮೇಲೆ. ಡಾಕ್ಟರಿಗೆ ಸಂಬಳ ತಿಂಗಳ ಮೇಲೆ. "ನಮ್ಮ ಎದಿ ನಾವು ನೋಡ್ಕಂತೀವಿ, ಮೊದ್ಲು ಕಿಟಕಿ ಹಾಕ್ರಿ" ಎಂದು ಜನ ಕೂಗಿದರು. ಡಾಕ್ಟರು ಇವರನ್ನು ಅಜ್ಞಾನಿಗಳೆಂದರು, ಇವರು ಡಾಕ್ಟರನ್ನು ಹೊಟ್ಟೆ ತುಂಬಿದವರೆಂದರು. ಕೊನೆಗೆ ಡಾಕ್ಟರು ಬರುವಾಗ ಕಿಟಕಿ ತೆಗೆಯುವುದು, ಹೋದ ಕೂಡಲೇ ಹಾಕುವುದು ಎಂದು ಇತ್ಯರ್ಥವಾಯಿತು.

ಇವೆಲ್ಲ ಸಣ್ಣಪುಟ್ಟವು. ನಾನು ಬರೆಯಹೊರಟದ್ದು ಎಂಜಲಿನ ವಿಷಯ.

ಲಾಳಿ ಎಂದರೆ ಏನೆಂದು ಮೊದಲು ಹೇಳಬೇಕು. ಈಗಿನ ಕೆಲವು ಮಗ್ಗಗಳಲ್ಲಿ ಅದು ಇಲ್ಲವೇ ಇಲ್ಲವಂತೆ. ಎರಡು ಕಡೆ ಚೂಪಾದ, ನಡುವೆ ಟೊಳ್ಳಾದ ಗಟ್ಟಿ ಮರದ ತುಂಡು ಅದು. ನೂಲು ಸುತ್ತಿದ ಕಂಡಿಕೆಯನ್ನು ಒಳಗಿಟ್ಟುಕೊಂಡು ಮಗ್ಗದ ಈ ತುದಿಯಿಂದ ಆ ತುದಿಗೆ ಓಡುತ್ತಿರುತ್ತದೆ. ನೂಲಿನ ಎಳೆ ಹೊರಬರಲು ಲಾಳಿಯ ಪಕ್ಕದಲ್ಲಿ ಒಂದು ಸಣ್ಣ ಕಣ್ಣು. ಕಂಡಿಕೆ ಖಾಲಿಯಾದಾಗಲೆಲ್ಲ ಹೊಸದನ್ನಿಟ್ಟು, ಎಳೆಯನ್ನು ಆ ಕಣ್ಣಿನಿಂದ ಹೊರಗೆ ತರಬೇಕು. ಬೆರಳು ಅಲ್ಲಿಗೆ ಹೋಗುವುದಿಲ್ಲ. ಹಾಗಾಗಿ ನೇಕಾರ ಲಾಳಿಯ ಕಣ್ಣಿಗೆ ಬಾಯಿಟ್ಟು ಒಮ್ಮೆ ಜೋರಾಗಿ ಹೀರುತ್ತಿದ್ದ. ಎಳೆ ನೇರವಾಗಿ ನಾಲಿಗೆಯ ಮೇಲೆ ಬರುತ್ತಿತ್ತು. ಇಡೀ ಪಾಳಿಯಲ್ಲಿ ಎಷ್ಟು ಸಲ ಹೀರುತ್ತಿದ್ದನೋ, ಲೆಕ್ಕ ಇಟ್ಟವರಿಲ್ಲ. ಪಾಳಿ ಮುಗಿದಾಗ ಅದೇ ಮಗ್ಗಕ್ಕೆ ಇನ್ನೊಬ್ಬ ಬರುತ್ತಿದ್ದ, ಅದೇ ಲಾಳಿಗೆ ಬಾಯಿಡುತ್ತಿದ್ದ. ಮನೆಯಲ್ಲಿ ಹೆಂಡತಿ ಕುಡಿದ ಲೋಟವನ್ನು ತೊಳೆಯದೆ ಮುಟ್ಟದ ಮಡಿವಂತರೂ ಗಿರಣಿಯಲ್ಲಿ ಕಂಡವರ ಎಂಜಲನ್ನು ಹೀರಿ ಸಂಸಾರ ಸಾಕುತ್ತಿದ್ದರು. ಅದನ್ನು ಯಾರೂ ಎಂಜಲು ಎಂದು ಕರೆಯುತ್ತಿರಲಿಲ್ಲ. ಅದಕ್ಕೆ ಕೆಲಸ ಎಂದು ಹೆಸರು.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ನನ್ನ ಸಾಲಿನಲ್ಲಿ ಒಬ್ಬ ನೇಕಾರ ವಯಸ್ಸಾಗಿ ಬಿಟ್ಟುಹೋದ. ಅವನ ಹಲ್ಲಿನ ಸಂದಿನಿಂದ ಸದಾ ಕೀವು ಬರುತ್ತಿತ್ತು, ಪಾಪ. ಎದುರು ಪಾಳಿಯಲ್ಲಿ ಅದೇ ಮಗ್ಗ ನಡೆಸುತ್ತಿದ್ದವನು ಕೊಟ್ರಪ್ಪ. ನಮ್ಮ ಖಾತೆಯ ಹಿರಿಯ ನೇಕಾರ, ಪೂಜೆ ಮುಗಿಸದೆ ನೀರು ಮುಟ್ಟದವನು. ಆ ಕೀವಿನ ಬಾಯಿಯ ಲಾಳಿಯನ್ನು ವರ್ಷಗಟ್ಟಲೆ ಹೀರಿದ್ದ, ಒಂದು ದಿನವೂ ಮುಖ ಕಿವಿಚಿದವನಲ್ಲ.

ಖಾಲಿಯಾದ ಜಾಗಕ್ಕೆ ನಾನು ಮೈಲಪ್ಪನನ್ನು ಕರೆತಂದೆ. ಗುತ್ತೂರಿನವನು. ಊರಿನಿಂದ ನಡೆದು ಬಂದು ಹರಿಹರದಲ್ಲಿ ರೈಲು ಹತ್ತಿ ಕೆಲಸಕ್ಕೆ ಬರುತ್ತಿದ್ದ. ಹತ್ತಿಯ ಅಂಡಿಗೆ, ಅಂದರೆ ಒತ್ತಿ ಕಟ್ಟಿದ ಮೂಟೆ, ಒಡೆದು ಧೂಳು ಕೊಡವುವ ಖಾತೆಯಲ್ಲಿದ್ದ. ಅವನ ಅಣ್ಣನೂ ಅಲ್ಲೇ ಇದ್ದು, ಎದೆ ಕೆಟ್ಟು, ಚಿಕ್ಕ ವಯಸ್ಸಿನಲ್ಲೇ ಹಾಸಿಗೆ ಹಿಡಿದಿದ್ದ. ಆಗ ಹರಿಜನರು ಎನ್ನುತ್ತಿದ್ದ ಜನರಿಗೆ ಗಿರಣಿಯಲ್ಲಿ ಮೀಸಲಾದ ಜಾಗ ಆ ಧೂಳಿನ ಖಾತೆ. ಮೀಸಲು ಎಂದು ಎಲ್ಲೂ ಬರೆದಿರಲಿಲ್ಲ, ಆದರೂ ಬೇರೆಯವರು ಯಾರೂ ಅಲ್ಲಿಗೆ ಅರ್ಜಿ ಹಾಕುತ್ತಿರಲಿಲ್ಲ. ಮೈಲಪ್ಪ ಬಿಡುವಿದ್ದಾಗಲೆಲ್ಲ ನನ್ನ ಹಿಂದೆ ಬಿದ್ದು ಮಗ್ಗದ ಕೆಲಸ ಕಲಿತಿದ್ದ. "ಜಾಬರಣ್ಣ, ನಮ್ಮಣ್ಣನ್ನ ನೋಡಿದ್ರೆ ನನ್ನ ಮುಂದಿನ ದಿನ ಕಂಡಂಗೆ ಆಗ್ತತೆ. ಹೆಂಗಾರ ಮಾಡಿ ಇತ್ತ ಎಳ್ಕಳ್ರಿ" ಎಂದಿದ್ದ. ನಾನು ಸಮಾಜ ಸುಧಾರಕನೇನಲ್ಲ. ಮಗ್ಗ ಖಾಲಿ ನಿಂತರೆ ಬೈಸಿಕೊಳ್ಳುವವನು ನಾನು. ಅವನ ಕೈ ಚುರುಕಾಗಿತ್ತು. ಮೊದಲು ಬದಲಿ ಕೆಲಸಗಾರನಾಗಿ ನಿಲ್ಲಬೇಕು, ಮಗ್ಗ ಸರಿಯಾಗಿ ನಡೆಸಿದರೆ ಕಾಯಂ, ಇಲ್ಲದಿದ್ದರೆ ಮತ್ತೆ ಧೂಳಿಗೆ. ಹಾಗೆಂದು ಮಾಸ್ಟರ್ ಒಪ್ಪಿದರು. ನೇಯ್ಗೆ ಮಾಸ್ಟರ್ ಎಂದರೆ ಇಡೀ ಖಾತೆಯ ಯಜಮಾನರು, ಮುಂಬಯಿಯಲ್ಲಿ ಓದಿ ಬಂದವರು.

ಮೊದಲ ದಿನ ಮೈಲಪ್ಪನ ಪಾಳಿ ಚೆನ್ನಾಗಿಯೇ ನಡೆಯಿತು. ಕೂಗಾಯಿತು. ಕೊಟ್ರಪ್ಪ ಬಂದು ಮಗ್ಗದ ಮುಂದೆ ನಿಂತ. ಕಂಡಿಕೆ ಮುಗಿಯಿತು, ಲಾಳಿ ಕೈಗೆ ತಗೊಂಡ, ಬಾಯಿಯ ಹತ್ತಿರ ತಂದ, ಹಾಗೇ ಕೆಳಗಿಟ್ಟುಬಿಟ್ಟ.

"ಜಾಬರಣ್ಣ, ನಾನು ಜಾತಿ ಮಾತಾಡ್ತಿಲ್ಲ, ತಪ್ಪು ತಿಳ್ಕಬ್ಯಾಡ್ರಿ. ಕಾಯ್ದೆ ಐತೆ ಅಂತ ನಂಗೂ ಗೊತ್ತೈತೆ. ಇದು ಆರೋಗ್ಯದ ಪ್ರಶ್ನೆ."

"ನಿನ್ನೆ ತಂಕ ಆ ಹಲ್ಲು ಕೆಟ್ಟೋನ ಲಾಳಿ ಹೀರ್ತಿದ್ರಲ್ಲ ಕೊಟ್ರಪ್ಪಣ್ಣ, ಅವಾಗ ಆರೋಗ್ಯ ಎಲ್ಲಿಗೋಗಿತ್ರಿ?"

"ಅವ್ನು ನಮ್ಮೋನು ಬಿಡ್ರಿ. ಅವ್ನ ಬಾಯಾಗೆ ಏನೈತೆ ಅಂತ ನಂಗೆ ಗೊತ್ತಿತ್ತು."

ಗೊತ್ತಿದ್ದ ಕೀವು ಶುದ್ಧ, ಗೊತ್ತಿಲ್ಲದ ಜೊಲ್ಲು ಅಶುದ್ಧ! ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವನ ಎಲೆಯ ನೊಣ ಹುಡುಕಿದನಂತೆ. ಸಂಜೆಯೊಳಗೆ ಇಡೀ ಸಾಲಿಗೆ ಆರೋಗ್ಯದ ಚಿಂತೆ ಹತ್ತಿಕೊಂಡಿತು. ಬೀಡಿಯೊಂದನ್ನು ಮೂವರು ಹಂಚಿ ಸೇದುವ ಜನ ಕ್ರಿಮಿಗಳ ಬಗ್ಗೆ ಮಾತಾಡತೊಡಗಿದರು. ಮೈಲಪ್ಪನನ್ನು ಹೊರಗೆ ಹಾಕುವ ತನಕ ಮಗ್ಗ ಮುಟ್ಟುವುದಿಲ್ಲ ಎಂದರು.

ನಾನು ಯೂನಿಯನ್ ಕಾರ್ಯದರ್ಶಿಯ ಹತ್ತಿರ ಹೋದೆ. ಅವರು ಗೇಟಿನ ಹೊರಗೆ ನಿಂತು ಭಾಷಣ ಮಾಡುವಾಗ ಜಗತ್ತಿನ ಕಾರ್ಮಿಕರನ್ನೆಲ್ಲ ಒಂದು ಮಾಡುತ್ತಿದ್ದರು. ಜಗತ್ತಿನ ಕಾರ್ಮಿಕರು ದೂರದಲ್ಲಿದ್ದುದರಿಂದ ಅದು ಸಲೀಸಾಗಿತ್ತು.

"ತತ್ವ ನಮ್ದೇ ಐತೆ, ಅದ್ರಾಗೆ ಎರಡು ಮಾತಿಲ್ಲ. ಆದ್ರೆ ಕಾಲ ಇನ್ನಾ ಪಕ್ವ ಆಗಿಲ್ರಿ. ಈಗ ಒಗ್ಗಟ್ಟು ಮುಖ್ಯ" ಎಂದರು.

"ಮೈಲಪ್ಪ ಒಗ್ಗಟ್ಟಿನಾಗೆ ಸೇರಲ್ಲೇನ್ರಿ?"

"ಸೇರ್ತಾನೆ. ಆದ್ರೆ ಅವ್ನೊಬ್ಬ ಹೊರಗಿದ್ರೆ ಒಗ್ಗಟ್ಟು ಇನ್ನಾ ಗಟ್ಟಿ ಇರ್ತತೆ."

ಡಾಕ್ಟರನ್ನು ಕೇಳಿದರೆ, ಲಾಳಿಗೆ ಬಾಯಿಡುವುದೇ ಕೆಟ್ಟದ್ದು, ಯಾರ ಲಾಳಿಗೆ ಯಾರೇ ಬಾಯಿಟ್ಟರೂ ಕ್ಷಯ ಹಬ್ಬುತ್ತದೆ ಎಂದರು. ಕಿಟಕಿಯ ವಿಷಯದಲ್ಲಿ ಡಾಕ್ಟರನ್ನು ಹೊಟ್ಟೆ ತುಂಬಿದವರು ಎಂದಿದ್ದ ಜನ ಈಗ "ಡಾಕ್ಟ್ರೇ ಹೇಳ್ಯಾರೆ" ಎಂದು ಅವರ ಅರ್ಧ ಮಾತನ್ನು ಮಾತ್ರ ಹಿಡಿದುಕೊಂಡರು. ಅಷ್ಟರಲ್ಲಿ ಮೈಲಪ್ಪನನ್ನು ತಾತ್ಕಾಲಿಕವಾಗಿ ಧೂಳಿನ ಖಾತೆಗೆ ಕಳಿಸಿಯಾಗಿತ್ತು. ಅವನು ಅಲ್ಲಿಂದ ತಲೆಗೂದಲೆಲ್ಲ ಬೆಳ್ಳಗೆ ಮಾಡಿಕೊಂಡು ಹೊರಬರುವುದನ್ನು ಕಂಡಾಗ ನನಗೆ ಮೈ ಉರಿಯುತ್ತಿತ್ತು.

ಮಾಸ್ಟರ್‌ಗೆ ಮಾತ್ರ ಯಾವ ಗೊಂದಲವೂ ಇರಲಿಲ್ಲ. "ನನಗೆ ಜಾತಿ ಗೊತ್ತಿಲ್ಲ, ಕ್ರಾಂತಿ ಗೊತ್ತಿಲ್ಲ. ಪ್ರೊಡಕ್ಷನ್ ಗೊತ್ತು" ಎಂದು, ರಿಪೇರಿ ಶಾಪಿನಲ್ಲಿ ತೆಳುವಾದ ತಂತಿಯ ಕೊಕ್ಕೆಗಳನ್ನು ಮಾಡಿಸಿದರು. ಲಾಳಿಯ ಕಣ್ಣಿನಲ್ಲಿ ಕೊಕ್ಕೆ ತೂರಿಸಿ ಎಳೆಯನ್ನು ಹೊರಗೆಳೆಯಬೇಕು. ಇನ್ನು ಮುಂದೆ ಯಾರೂ ಲಾಳಿಗೆ ಬಾಯಿಡಕೂಡದು, ಎಲ್ಲರೂ ಕೊಕ್ಕೆಯನ್ನೇ ಬಳಸತಕ್ಕದ್ದು ಎಂದು ನೋಟೀಸು ಅಂಟಿಸಿದರು. ಕೊಟ್ರಪ್ಪನ ಮಡಿ ಉಳಿಯಿತು. ಡಾಕ್ಟರು ಇದು ವೈದ್ಯಶಾಸ್ತ್ರದ ಗೆಲುವು ಎಂದರು. ಕಾರ್ಯದರ್ಶಿಗಳು ಗೇಟಿನ ಹೊರಗೆ ನಿಂತು ಹೋರಾಟದ ಗೆಲುವು ಎಂದರು. ಮೈಲಪ್ಪ ಧೂಳು ಕೊಡವಿಕೊಂಡು, ಕೊಕ್ಕೆ ತಗೊಂಡು ತನ್ನ ಮಗ್ಗದ ಮುಂದೆ ಬಂದು ನಿಂತ.

ಹೊಸ ಕ್ರಮದ ಬಗ್ಗೆ ನಮ್ಮ ಮಹಡಿಯ ಹುಡುಗರಿಗೆ ಒಂದು ಮಾತು. ಅದು ಒಳ್ಳೆಯದೋ ಕೆಟ್ಟದ್ದೋ ಎಂದು ತಲೆ ಕೆಡಿಸಿಕೊಳ್ಳಬೇಡಿ. ಅದರಿಂದ ಕೂಲಿ ಹೆಚ್ಚುತ್ತದೋ ಇಳಿಯುತ್ತದೋ ಎಂದು ನೋಡಿ, ಅದರ ಆಯಸ್ಸು ತಾನೇ ತಿಳಿಯುತ್ತದೆ. ಬಾಯಲ್ಲಿ ಹೀರಿದರೆ ಕಣ್ಣು ಮುಚ್ಚಿ ತೆಗೆಯುವುದರೊಳಗೆ ಎಳೆ ಬರುತ್ತಿತ್ತು. ಕೊಕ್ಕೆಯಲ್ಲಿ ತಡಕಾಡಬೇಕು, ಎಳೆ ಜಾರುತ್ತದೆ, ಮಗ್ಗ ನಿಂತೇ ಇರುತ್ತದೆ. ಮೊದಲ ಕೂಲಿ ಬಟವಾಡೆಯ ದಿನ ಎಲ್ಲರ ಮುಖ ಸಣ್ಣದಾಯಿತು. ಆಮೇಲೆ ಕೊಕ್ಕೆಗಳು ಒಂದೊಂದಾಗಿ ಬೇರೆ ಉದ್ಯೋಗ ಹಿಡಿದವು. ಒಬ್ಬ ಅದರಲ್ಲಿ ಕಿವಿ ತುರಿಸಿಕೊಳ್ಳುತ್ತಿದ್ದ. ಇನ್ನೊಬ್ಬ ಬುತ್ತಿಯ ಗಂಟನ್ನು ಇಲಿ ಮುಟ್ಟದಂತೆ ನೇತುಹಾಕಲು ಬಳಸುತ್ತಿದ್ದ. ಎಲ್ಲರಿಗಿಂತ ಮೊದಲು ಬಾಯಿಗೆ ಮರಳಿದವನು ನಮ್ಮ ಕೊಟ್ರಪ್ಪ.

ಮೈಲಪ್ಪ ಆಗಷ್ಟೇ ಬಿಟ್ಟುಹೋದ ಲಾಳಿಯನ್ನು ಅವನು ಚಪ್ಪರಿಸಿ ಹೀರುತ್ತಿದ್ದಾಗ ನಾನು ಹೋಗಿ ಪಕ್ಕದಲ್ಲಿ ನಿಂತೆ. "ಆರೋಗ್ಯ ಹೆಂಗೈತ್ರಿ ಕೊಟ್ರಪ್ಪಣ್ಣ?" ಎಂದು ಅವನ ಕಿವಿಯಲ್ಲಿ ಕೂಗಿದೆ.

ಅವನೇನು ನಾಚಲಿಲ್ಲ. ಅವನ ಹತ್ತಿರ ತರ್ಕ ಸಿದ್ಧವಿತ್ತು. "ನೋಡ್ರಿ ಜಾಬರಣ್ಣ, ರೈಲಿನಾಗೆ ಮೈಲಿಗೆ ಐತೇನು? ಆಸ್ಪತ್ರಿಯಾಗೆ ಐತೇನು? ಹಂಗೇ ಮಿಲ್ನಾಗೂ ಇಲ್ಲ. ನಮ್ಮ ಸ್ವಾಮೇರ್ನೂ ಕೇಳೀನಿ. ಮನಿಗೋಗಿ ಸ್ನಾನ ಮಾಡಿದ್ರೆ ಮುಗೀತು."

ಎರಡು ಬಟವಾಡೆಗಳ ನಡುವೆ ಶಾಸ್ತ್ರವೇ ತಿದ್ದುಪಡಿಯಾಗಿತ್ತು. ಇರಲಿ, ಹೇಗೋ ಆಯಿತಲ್ಲ ಎಂದು ನಾನು ಸಮಾಧಾನಪಟ್ಟೆ. ಯಾವ ಭಾಷಣದಿಂದಲೂ ಆಗದ ಕೆಲಸ ಕೂಲಿಯ ದರದಿಂದ ಆಗಿದೆ, ಇನ್ನು ಮೈಲಪ್ಪ ಕಾಯಂ ಆಗುವುದೊಂದೇ ಬಾಕಿ ಎಂದುಕೊಂಡೆ. ಮನುಷ್ಯನನ್ನು ನಾನು ಇನ್ನೂ ಪೂರ್ತಿ ಅರಿತಿರಲಿಲ್ಲ.

ಇಡೀ ಖಾತೆಯಲ್ಲಿ ಒಬ್ಬ ಮಾತ್ರ ಕೊಕ್ಕೆ ಬಿಟ್ಟಿರಲಿಲ್ಲ. ಮೈಲಪ್ಪ. ಬಿಡದೆ ಅಭ್ಯಾಸ ಮಾಡಿ, ಹೀರುವವರಿಗೆ ಹೆಚ್ಚು ಕಡಿಮೆ ಸರಿಸಮನಾಗಿ ಬಟ್ಟೆ ನೇಯುತ್ತಿದ್ದ. ಇದು ಬಹಳ ದಿನ ಯಾರ ಕಣ್ಣಿಗೂ ಬೀಳಲಿಲ್ಲ. ಬಿದ್ದ ದಿನ ಕೊಟ್ರಪ್ಪ ಕೆಂಡವಾದ.

"ನಾವು ಜಾತಿಗೀತಿ ಬಿಟ್ಟು ಇವ್ನು ಮುಟ್ಟಿದ್ದಕ್ಕೆ ಬಾಯಿಡ್ತೀವಿ. ಇವ್ನು ನಮ್ಮ ಎಂಜಲಿಗೆ ಹೇಸಿಗಿ ಪಡ್ತಾನಲ್ರಿ! ಯಾರಿಗೆ ಯಾರು ಹೇಸ್ಬೇಕು?"

ಸಾಲಿಗೆ ಸಾಲೇ ಮತ್ತೆ ಎದ್ದಿತು. ಹಿಂದಿನ ಸಲ ಇವನು ಬಾಯಿಟ್ಟ ಎಂದು ಮಗ್ಗ ಮುಟ್ಟದವರು, ಈ ಸಲ ಇವನು ಬಾಯಿಡುವುದಿಲ್ಲ ಎಂದು ಮಗ್ಗ ಮುಟ್ಟುವುದಿಲ್ಲ ಎಂದರು. ಮೈಲಪ್ಪನ ಕಾಯಂ ಆರ್ಡರು ಸಹಿಗೆ ಹೋಗುವ ಹೊತ್ತು ಅದು. ಮಾಸ್ಟರ್ ತಮ್ಮ ಕ್ಯಾಬಿನ್ನಿನಲ್ಲಿ ವಿಚಾರಣೆ ಇಟ್ಟರು. ಮೈಲಪ್ಪ, ಕೊಟ್ರಪ್ಪ, ಕಾರ್ಯದರ್ಶಿಗಳು, ನಾನು. ಮೇಜಿನ ಮೇಲೆ ಕೊಟ್ರಪ್ಪ ಮೈಲಪ್ಪರ ಮಗ್ಗದ ಲಾಳಿ.

ಕಾರ್ಯದರ್ಶಿಗಳು ಮೊದಲು ಮಾತಾಡಿದರು. "ಮೈಲಪ್ಪ, ಸಮಾನತೆ ಅಂದ್ರೆ ಇದೇ ಕಣಪ್ಪ. ಎಲ್ರೂ ಒಂದೇ ಲಾಳಿ ಹೀರೋದು. ನೀನೇ ಹಿಂದೆ ಸರಿದ್ರೆ ಹೆಂಗೆ?"

ಕಾಲ ಪಕ್ವವಾಗಿಬಿಟ್ಟಿತ್ತು! ನಗು ಬಂತು, ಆದರೆ ನಗುವ ಹೊತ್ತಲ್ಲ.

ಮಾಸ್ಟರ್ ಹೇಳಿದರು, "ನೋಡು, ನೋಟೀಸು ನನ್ನದೇ, ಇಲ್ಲ ಅನ್ನೋದಿಲ್ಲ. ಆದರೆ ಖಾತೆ ನಿಂತುಹೋಗಿದೆ. ಇವರ ಕಣ್ಣೆದುರಿಗೆ ಒಂದೇ ಒಂದು ಸಲ ಈ ಲಾಳಿಗೆ ಬಾಯಿಟ್ಟುಬಿಡು. ಈಗಲೇ ನಿನ್ನ ಆರ್ಡರಿಗೆ ಸಹಿ ಹಾಕುತ್ತೇನೆ. ನಾಳೆಯಿಂದ ಬೇಕಾದರೆ ಕೊಕ್ಕೆ ಇಟ್ಟುಕೋ. ಆಗುವುದಿಲ್ಲ ಅಂದರೆ ನಿನ್ನ ಹಳೇ ಖಾತೆಗೆ ವಾಪಸ್ಸು."

ಹಳೇ ಖಾತೆ ಎಂದರೆ ಏನೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅವನ ಅಣ್ಣ ಸತ್ತು ಇನ್ನೂ ಬಹಳ ದಿನ ಆಗಿರಲಿಲ್ಲ. ಒಂದು ಸಲ ಹೀರಿಬಿಡು ಮಾರಾಯ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಮೈಲಪ್ಪ ಲಾಳಿಯನ್ನು ಕೈಗೆ ತಗೊಂಡ. 

"ಇಡ್ತೀನ್ರಿ ಸಾಹೇಬ್ರೆ. ಇವ್ರಿಗೆ ನಂದು ಬ್ಯಾಡ ಅನ್ಸಿದಾಗ ಅದು ಆರೋಗ್ಯ ಆತು. ನಂಗೆ ಇವ್ರದು ಬ್ಯಾಡ ಅನ್ಸಿದ್ರೆ ಸೊಕ್ಕು ಹೆಂಗಾತು ಅಂತ ನಾನು ಕೇಳಲ್ಲ. ಇದ್ಕೆ ಬಾಯಿಟ್ರೆ ಎಲ್ರೂ ಒಂದೇ ಅಂತಾರಲ್ಲ ಇವ್ರು, ಅದೊಂದು ಮಾತಿಗೆ ಇಡ್ತೀನಿ." ಕೊಟ್ರಪ್ಪನ ಕಡೆಗೆ ತಿರುಗಿದ. "ಕೊಟ್ರಪ್ಪಣ್ಣ, ಇವತ್ತು ನಿಮ್ಮನಿಗೆ ಬರ್ತೀನಿ. ಒಳಗೆ ಕುಂದ್ರಿಸಿ ಒಂದು ಲೋಟ ನೀರು ಕೊಡ್ರಿ. ಹೂಂ ಅನ್ರಿ, ಈಗ್ಲೇ ಹೀರ್ತೀನಿ."

ಕ್ಯಾಬಿನ್ನಿನ ಗಾಜಿನಾಚೆ ಮಗ್ಗಗಳು ನಿಂತಿದ್ದವು.  ಕೊಟ್ರಪ್ಪ ಮಾಸ್ಟರ್ ಮುಖ ನೋಡಿದ, ಕಾರ್ಯದರ್ಶಿಗಳ ಮುಖ ನೋಡಿದ. ಕಾರ್ಯದರ್ಶಿಗಳು ಗೋಡೆ ನೋಡುತ್ತಿದ್ದರು.

"ಅದು ಬ್ಯಾರೆ, ಇದು ಬ್ಯಾರೆ" ಎಂದ ಕೊಟ್ರಪ್ಪ.

"ಹಂಗಾರೆ ಕೊಕ್ಕೆ ಇರ್ಲಿ ಬಿಡ್ರಿ" ಎಂದು ಮೈಲಪ್ಪ ಲಾಳಿಯನ್ನು ಮೇಜಿನ ಮೇಲಿಟ್ಟ.

ಆಗ ನಾನು ಬಾಯಿ ಬಿಟ್ಟೆ. "ಸಾಹೇಬ್ರೆ, ಇವನನ್ನ ವಾಪಸ್ ಕಳಿಸೋದಾದ್ರೆ ಕಾರಣ ಏನಂತ ಬರೀತೀರಿ? ನಿಮ್ಮ ನೋಟೀಸು ಪಾಲಿಸಿದ ಅಂತಾನಾ?"

ಮಾಸ್ಟರ್ ಕನ್ನಡಕ ತೆಗೆದು ಒರೆಸಿದರು. ನ್ಯಾಯ ಅನ್ಯಾಯ ಅವರ ಮನಸ್ಸಿಗೆ ಬಂತೋ ಇಲ್ಲವೋ ನಾನರಿಯೆ. ಮೇಲಿನವರು ಆ ಕಾರಣವನ್ನು ಓದಿ ನಗುವುದಂತೂ ಅವರ ಕಣ್ಣಿಗೆ ಕಂಡಿರಬೇಕು. ಆರ್ಡರಿಗೆ ಸಹಿ ಹಾಕಿದರು. ಮಗ್ಗ ಮುಟ್ಟದವರಿಗೆ ಆ ದಿನದ ತುಟ್ಟಿಭತ್ಯೆಯೂ ಇಲ್ಲ ಎಂದು ಸೇರಿಸಿದರು. ಪ್ರತಿಭಟನೆ ಅಲ್ಲಿಗೆ ಮುಗಿಯಿತು.

ಮೈಲಪ್ಪ ರೈಲು ಹಿಡಿಯಲು ಹೊರಟುಹೋದ. ಕೂಗಾಯಿತು. ಎದುರು ಪಾಳಿಯವರು ಬಂದು ನಿಂತರು, ಮಗ್ಗಗಳು ಒಂದೊಂದಾಗಿ ಶುರುವಾದವು. ನಾನು ಸಾಲಿನ ಉದ್ದಕ್ಕೆ ನೋಡಿಕೊಂಡು ಬರುತ್ತಾ ಕೊಟ್ರಪ್ಪನ ಹತ್ತಿರ ಬಂದೆ. ಅವನ ಕಂಡಿಕೆ ಮುಗಿದಿತ್ತು. ಮೈಲಪ್ಪ ದಿನವೂ ಓಡಿಸುತ್ತಿದ್ದ ಅದೇ ಲಾಳಿಯನ್ನು ಎತ್ತಿಕೊಂಡು, ಹೊಸ ಕಂಡಿಕೆ ಕೂರಿಸಿ, ಕಣ್ಣಿಗೆ ಬಾಯಿಟ್ಟು ಗಟ್ಟಿಯಾಗಿ ಹೀರಿದ. ನಾಲಿಗೆಯ ಮೇಲಿನ ಎಳೆಯನ್ನು ಬೆರಳಿಂದ ತೆಗೆದು, ಮಗ್ಗ ಶುರುಮಾಡಿ, ನನ್ನ ಕಿವಿಗೆ ಬಗ್ಗಿ ಕೂಗಿದ:

"ಎಷ್ಟೇ ಹೇಳ್ರಿ ಜಾಬರಣ್ಣ, ಅವ್ರನ್ನ ಮಾತ್ರ ಮನಿ ಒಳಗೆ ಬಿಟ್ಕಬಾರ್ದು!"